ಬೀದಿಯಲ್ಲಿ ಗುರುತು ಹಿಡಿಯಬಾರದು

ಮೂವತ್ತೊಂದು ವರ್ಷ ಲೈಬ್ರರಿಯ ಮೇಜಿನ ಹಿಂದೆ ಕೂತು ಊರವರ ಬಾಯಿ ಮುಚ್ಚಿಸಿದವಳು ನಾನು. ನನ್ನ ಬಾಯಿ ಮುಚ್ಚಿಕೊಳ್ಳುವುದೊಂದನ್ನು ಮಾತ್ರ ಕಲಿಯಲಿಲ್ಲ. ನಿವೃತ್ತಿಯಾದ ಮೇಲೆ ಗೋಡೆಯ ಜೊತೆ ಮಾತಾಡಿ ಬೇಸತ್ತು, ಹಸಿದವರಿಗೆ, ಮನೆಯಿಲ್ಲದವರಿಗೆ ಮಧ್ಯಾಹ್ನದ ಊಟ ಹಾಕುವ ಹಾಲ್‌ನಲ್ಲಿ ಬಡಿಸಲು ಸೇರಿಕೊಂಡೆ. ಸೇವೆ ಗೀವೆ ಏನಿಲ್ಲ. ಒಬ್ಬಳೇ ಕೂತರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟೆ.

ಅಲ್ಲಿ ಯಾರನ್ನೂ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಬಂದವರಿಗೆ ಕುರ್ಚಿ, ಒಗೆದ ಮೇಜುಬಟ್ಟೆ. ಬಡಿಸಿದವರೂ ಅದೇ ಮೇಜಿನಲ್ಲಿ ಕೂತು ಅದನ್ನೇ ಉಣ್ಣಬೇಕು. ಯಾರು, ಎಲ್ಲಿಂದ, ಯಾಕೆ ಎಂದು ಕೇಳುವಂತಿಲ್ಲ. ಇನ್ನೊಂದು ನಿಯಮವನ್ನು ಅಡುಗೆಯಕ್ಕ ಮೊದಲ ದಿನವೇ ಸೌಟು ತೋರಿಸಿ ಹೇಳಿದ್ದಳು: "ಬೀದೀಲಿ ಸಿಕ್ಕಿದ್ರೆ, ಅವರಾಗಿ ಮಾತಾಡಿಸಿದ್ರಷ್ಟೆ ಮಾತು. ಇಲ್ಲಾಂದ್ರೆ ನೀವು ಅವರನ್ನ ನೋಡೇ ಇಲ್ಲ."

ನನ್ನ ಮೇಜಿಗೆ ದಿನಾ ಒಬ್ಬ ಬಡಗಿ ಬರುತ್ತಿದ್ದರು. ಹೊರಗಿನ ನಲ್ಲಿಯಲ್ಲಿ ತಲೆ ಒದ್ದೆ ಮಾಡಿ, ಬಾಚಿಕೊಂಡೇ ಒಳಗೆ ಕಾಲಿಡುವರು. ಕೂತ ಕೂಡಲೇ ಜೇಬಿನಿಂದ ಮರದ ಚಕ್ಕೆ ತೆಗೆದು ಮೇಜಿನ ಕುಂಟು ಕಾಲಿನಡಿ ತುರುಕುವರು. "ಇದನ್ನ ಮಾಡಿದವನಿಗೆ ಕಣ್ಣಿರ್ಲಿಲ್ಲ" ಎನ್ನುವರು. "ಸೂಪು ಮಾಡಿದವಳಿಗೆ ನಾಲಿಗೆ ಇಲ್ಲ" ಎಂದು ನಾನು ಪಿಸುಗುಟ್ಟಿದರೆ ನಗುವರು. ಇಡೀ ದಿನದಲ್ಲಿ ನನಗೆ ಕೇಳಿಸುತ್ತಿದ್ದ ನಗು ಅದೊಂದೇ.

ಒಂದು ಶನಿವಾರ, ಹಾಲ್‌ಗೆ ರಜೆ. ತರಕಾರಿ ಅಂಗಡಿಯ ಮುಂದೆ ಅವರು ಕಂಡರು, ಪಕ್ಕದಲ್ಲಿ ಒಬ್ಬ ಯುವತಿ. ಬೆಳಗ್ಗಿನಿಂದ ಯಾರೊಂದಿಗೂ ತುಟಿ ಬಿಚ್ಚಿರದ ನನಗೆ ಹೋದ ಜೀವ ಬಂದ ಹಾಗಾಯಿತು. ನಿಯಮವನ್ನು ಗಾಳಿಗೆ ತೂರಿದೆ.

"ನಾಳೆ ಊಟಕ್ಕೆ ಬೇಗ ಬನ್ನಿ! ನಿಮ್ಮ ಕುರ್ಚಿ ಹಿಡಿದಿಟ್ಟಿರ್ತೀನಿ!"

"ಯಾವ ಊಟ ಅಪ್ಪಾ?" ಎಂದಳು ಯುವತಿ. "ಕೆಲಸದ ಕಡೇನೇ ಊಟ, ರೂಮು ಎಲ್ಲಾ ಕೊಡ್ತಾರೆ ಅಂದಿದ್ಯಲ್ಲ?"

ಬಡಗಿ ನನ್ನ ಕಡೆ ತಿರುಗಿದರು. "ನೀವ್ಯಾರೋ ಏನೋ, ಗೊತ್ತಿಲ್ಲಮ್ಮ."

"ತಪ್ಪಾಯ್ತು, ಬೇರೆ ಯಾರೋ ಅಂದ್ಕೊಂಡೆ" ಎಂದು ನಾನು ತೊದಲಿದೆ. ಮಗಳು ಆಗಲೇ ಅಪ್ಪನ ಹರಿದ ಬೂಟುಗಳನ್ನು ನೋಡುತ್ತಿದ್ದಳು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡದೆ ಎಂಟು ದಿನ ಕಾದೆ. ಒಂಬತ್ತನೆಯ ದಿನ ಅಡುಗೆಯಕ್ಕ ತಾನೇ ಹುಡುಕಿಕೊಂಡು ಹೋಗಿ ಬಂದಳು.

"ಬಸ್ ಸ್ಟಾಂಡ್ ಹಿಂದಿನ ಬೆಂಚಲ್ಲಿ ಮಲಗಿದ್ರು. ಅರ್ಧಕ್ಕರ್ಧ ಇಳಿದುಹೋಗಿದಾರೆ. ಊಟಕ್ಕೆ ಕರೆದೆ. ಆ ಲೈಬ್ರರಿ ಅಮ್ಮ ಇದ್ದಾರಾ ಅಂದ್ರು. ಇದ್ದಾರೆ ಅಂದೆ. ಹಾಗಾದ್ರೆ ಹಸಿವಿಲ್ಲ ಅಂದ್ರು."

ಹಸಿವಿಲ್ಲವಂತೆ! ಮೂರು ಬಟ್ಟಲು ಸೂಪು ಕುಡಿದು ಮುಗಿಸುವ ಮನುಷ್ಯ! ಕೋಪ ನೆತ್ತಿಗೇರಿತು. ಆಮೇಲೆ ಅದು ಯಾರ ಮೇಲಿನ ಕೋಪ ಎಂದು ತಿಳಿದು, ಏಪ್ರನ್ ಬಿಚ್ಚಿ ಮಡಿಸಿಟ್ಟೆ.

"ನಾನು ಬಿಟ್ಟುಹೋದೆ ಅಂತ ಅವರಿಗೆ ಹೇಳು."

"ಬೇರೆ ಮೇಜಿಗೆ ಬಡಿಸಿ, ಅಕ್ಕ."

"ಮುಖ ಇದೇ ಅಲ್ವಾ?"

ಮೂರನೆಯ ದಿನ ಮಧ್ಯಾಹ್ನ ಫೋನು ಬಂತು. "ಬಂದ್ರು. ಮೂರು ಸಲ ಹಾಕಿಸ್ಕೊಂಡ್ರು" ಎಂದಳು ಅಡುಗೆಯಕ್ಕ.

ನನಗೆ ಅಳು ಬಂತು. ಸಂತೋಷಕ್ಕೇ ಬಂದದ್ದು, ಸುಳ್ಳು ಹೇಳುವುದಿಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ. "ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?"

"ನಮ್ಮಲ್ಲಿ ಯಾರೂ ಯಾರ ವಿಷಯಾನೂ ಕೇಳಲ್ವಲ್ಲ, ಅಕ್ಕ."

ಫೋನಿಟ್ಟು ತಟ್ಟೆ ಹಾಕಿಕೊಂಡೆ. ಮೊಣಕೈ ಊರಿದರೆ ನನ್ನ ಮೇಜೂ ಕುಂಟುತ್ತಿತ್ತು. ಅವರ ಹೊಟ್ಟೆ ತುಂಬಿದೆ ಎಂದು ಎರಡು ಸಲ ಗಟ್ಟಿಯಾಗಿ ಹೇಳಿಕೊಂಡೆ. ತುತ್ತು ಇಳಿಯಲಿಲ್ಲ.