ತಿರುವಿನಲ್ಲೇ ಕೇಳುವ ಸದ್ದು

ಆ ವರ್ಕ್‌ಶಾಪಿನ ಟರ್ನರ್‌ಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಲೇತ್ ಯಂತ್ರದ ಮೇಲೆ ಪಂಪಿನ ಶಾಫ್ಟು ಕಡೆಯುವುದರಲ್ಲಿ ಎತ್ತಿದ ಕೈ, ಜಗಳಕ್ಕೂ ಅಷ್ಟೇ. ಅವನ ಸವಾರಿಯೂ ಅವನಂಥದ್ದೇ: ಹಳೆಯ ಸೈಕಲ್ಲಿನ ಹೊಟ್ಟೆಗೆ ಪುಟ್ಟ ಟೂ-ಸ್ಟ್ರೋಕ್ ಎಂಜಿನ್ನು ಕಟ್ಟಿದ ಗಾಡಿ. ಗಾತ್ರ ನೋಡಿದರೆ ನಗು ಬರಬೇಕು, ಸದ್ದು ಕೇಳಿದರೆ ಕಿವಿ ಗಡಚಿಕ್ಕಬೇಕು. ಹೊಗೆ ಹೋಗಲು ಇದ್ದದ್ದು ಗೇಣುದ್ದದ ಒಂದು ಮೋಟು ಪೈಪು. ಬೀದಿಯವರು ಗಾಡಿಯನ್ನು ‘ಪಟಪಟಿ’ ಎಂದೇ ಕರೆಯುತ್ತಿದ್ದರು.

ಮಗಳಿಗೆ ಔಷಧಿ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ ಅವನ ಎದೆ ಉಬ್ಬಿತ್ತು. ಮೊದಲ ದಿನ ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಗೇಟಿನವರೆಗೂ ಬಿಟ್ಟುಬಂದ. ಮರುದಿನ ಅವಳು ಕಾರ್ಖಾನೆ ಬೀದಿಯ ಮೂಲೆಯಲ್ಲೇ ಅವನ ಭುಜ ತಟ್ಟಿದಳು.

“ಇಲ್ಲೇ ಸಾಕಪ್ಪ, ನಡ್ಕೊಂಡ್ ಹೋಗ್ತೀನಿ.”

ಅದರ ಮರುದಿನವೂ ಅದೇ ಮಾತು. ಅವನಿಗೆ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡ. ಈ ದರಿದ್ರ ಸದ್ದಿನಿಂದ ಮಗಳಿಗೆ ನಾಲ್ಕು ಜನರ ಮುಂದೆ ನಾಚಿಕೆಯಾಗುತ್ತಿದೆ!

ಊಟದ ಬಿಡುವಿನಲ್ಲೆಲ್ಲ ಅವನು ಸದ್ದಡಗಿಸುವ ಸೈಲೆನ್ಸರ್ ಮಾಡುವ ಧ್ಯಾನದಲ್ಲಿ ಬಿದ್ದ. ಸಪೂರ ಕೊಳವೆಯೊಂದರ ಮೈತುಂಬ ಸಣ್ಣ ತೂತು ಕೊರೆದ, ಸುತ್ತಲೂ ಉಕ್ಕಿನ ನಾರು ಸುತ್ತಿದ, ಬೆಂಕಿ ಆರಿಸುವ ಹಳೆಯ ಸಿಲಿಂಡರಿನೊಳಗೆ ಅದನ್ನು ತೂರಿಸಿ, ಮೋಟು ಪೈಪಿನ ಜಾಗದಲ್ಲಿ ಕೂರಿಸಿದ. ಗಾಡಿ ಮೊದಲ ಏರಿನಲ್ಲೇ ಕೆಮ್ಮಿ, ಅವನ ಪ್ಯಾಂಟಿನ ಮೇಲೆ ಕಪ್ಪು ಎಣ್ಣೆ ಉಗುಳಿ ನಿಂತುಬಿಟ್ಟಿತು. ಅವನು ಎಂಜಿನ್ನಿನ ಏಳು ತಲೆಮಾರನ್ನೂ ಬೈದ.

“ಅಣ್ಣ, ಹೊಗೆ ಹೋಗೋಕೆ ದಾರೀನೇ ಬಿಟ್ಟಿಲ್ವಲ್ಲ. ಹೀಗೆ ಬಾಯಿ ಮುಚ್ಚಿದ್ರೆ ಅದು ಉಸಿರಾಡೋದು ಹೆಂಗೆ?” ಎಂದ ಪಕ್ಕದ ವೆಲ್ಡರ್.

ತಗಡು ಕತ್ತರಿಸಿ, ಮೊದಲು ಅಗಲವಾಗುತ್ತ ಆಮೇಲೆ ಕಿರಿದಾಗುವ, ಹೊಟ್ಟೆಯಂಥ ಹೊಸ ಡಬ್ಬಿಯೊಂದನ್ನು ಇಬ್ಬರೂ ಸೇರಿ ಮಾಡಿದರು. ತೂತಿನ ಕೊಳವೆಯನ್ನು ಅದರ ಬಾಲಕ್ಕೆ ಬೆಸೆದರು. ಈ ಸಲ ಎಂಜಿನ್ನು ಹೊಲಿಗೆ ಯಂತ್ರದ ಹಾಗೆ ಮೆಲ್ಲಗೆ ಗುನುಗಿತು.

“ಗಾಡಿಗಾಯ್ತು. ನಿಮ್ ಬಾಯಿಗೂ ಒಂದು ಮಾಡಿಸ್ಕೊಳ್ಳಿ,” ಎಂದ ವೆಲ್ಡರ್. ಎಲ್ಲರೂ ನಕ್ಕರು. ಅಪರೂಪಕ್ಕೆ ಟರ್ನರ್ ಕೂಡ ನಕ್ಕ.

ಮಗಳಿಗೆ ತೋರಿಸುವ ಆಸೆಯಿಂದ ಅವತ್ತು ಅವನು ಬೇಗ ಹೊರಟ. ಮನೆಯ ತಿರುವಿನಲ್ಲಿ ದಿನಾ ಬೊಗಳುವ ನಾಯಿ ಕಣ್ಣು ಕೂಡ ತೆರೆಯಲಿಲ್ಲ. ಗಾಡಿಯನ್ನು ಗೋಡೆಗೆ ಒರಗಿಸುವಾಗ ಒಳಗಿನಿಂದ ರೇಡಿಯೊ ಕೇಳಿಸಿತು, ಜೊತೆಗೆ ಹೆಂಗಸೊಬ್ಬಳ ದೊಡ್ಡ ನಗು. ಯಾರೋ ನೆಂಟರು ಬಂದಿರಬೇಕು ಎಂದುಕೊಂಡು ಕಿಟಕಿಯಲ್ಲಿ ಇಣುಕಿದ. ನಗುತ್ತಿದ್ದದ್ದು ಅವನ ತಾಯಿ.

ಅವಳು ಅವನ ಬೆತ್ತದ ಕುರ್ಚಿಯಲ್ಲಿ ಒರಗಿ, ಸ್ಟೂಲಿನ ಮೇಲೆ ಕಾಲು ಚಾಚಿದ್ದಳು. ಹೆಂಡತಿ ನೆಲದ ಮೇಲೆ ದಿಂಬಿಗೆ ಆತುಕೊಂಡು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಡುವೆ ಮಗಳು ಗದ್ದ ಮುಂದೆ ಚಾಚಿ, ಎದೆ ಸೆಟೆದು, ಪೊರಕೆ ಬೀಸುತ್ತ ನಿಂತಿದ್ದಳು.

“‘ಯಾವೋನಯ್ಯ ನೀನು? ನನ್ ಮಗಳನ್ನೇ ತಡೀತೀಯಾ?’ ಪಾಪ, ಆ ವಾಚ್‌ಮನ್ ಕಾರ್ಡ್ ಕೇಳಿದ್ದಷ್ಟೇ ಅಜ್ಜಿ! ಆಫೀಸಿನವರೆಲ್ಲ ನಿಂತು ನೋಡ್ತಿದ್ರು. ಅದಕ್ಕೇ ನಾನೀಗ ಮೂಲೇಲೇ ಇಳ್ಕೊಳ್ಳೋದು.”

“ಮೆಲ್ಲಗೆ ಕಣೇ, ಬಂದ್ಬಿಟ್ಟಾರು,” ಎಂದಳು ಹೆಂಡತಿ.

“ತಿರುವಲ್ಲಿ ಇನ್ನೂ ಸದ್ದೇ ಇಲ್ಲ,” ಎಂದಳು ತಾಯಿ. “ಅದು ಕೇಳಿದ್ಮೇಲೆ ರೇಡಿಯೊ ಆರಿಸಿ, ಕುರ್ಚಿ ಬಿಟ್ಟು, ಸುಮ್ನೆ ಕೂರೋಕೆ ಬೇಕಾದಷ್ಟು ಟೈಮಿರತ್ತೆ. ನಮ್ಮನ್ನ ಕಾಪಾಡ್ತಿರೋದೇ ಆ ಪಟಪಟಿ.”

ಅಭ್ಯಾಸದಂತೆ ಮೊದಲು ಕೋಪವೇ ನೆತ್ತಿಗೇರಿತು. ಆದರೆ ಮಗಳ ಆ ಗದ್ದ, ಆ ದನಿ, ಎಲ್ಲ ಅವನದೇ ಆಗಿತ್ತು, ಒಂದೂ ಸುಳ್ಳಿರಲಿಲ್ಲ. ಅವನಿಗೆ ಮೈಯೆಲ್ಲ ನಾಚಿಕೆಯಾಯಿತು. ಸದ್ದಿಲ್ಲದೆ ಬಂದ ಹಾಗೆಯೇ ಸದ್ದಿಲ್ಲದೆ ಹೋಗಿಬಿಡಬೇಕು ಎಂದುಕೊಂಡು ತಿರುಗಿದ, ಕಾಲು ಬಕೆಟ್ಟಿಗೆ ತಾಗಿತು.

ರೇಡಿಯೊ ನಿಂತಿತು. ಅವನು ಒಳಗೆ ಬರುವಷ್ಟರಲ್ಲಿ ತಾಯಿ ಕುರ್ಚಿಯ ಕೈಗಳನ್ನು ಊರಿ, ನೋಯುವ ಮಂಡಿಗಳ ಮೇಲೆ ಕಷ್ಟಪಟ್ಟು ಏಳುತ್ತಿದ್ದಳು.

“ಈಗ ತಾನೇ ಕೂತೆ ಕಣಪ್ಪ. ಮಂಡಿ ಸ್ವಲ್ಪ ನೋಯ್ತಿತ್ತು, ಅದಕ್ಕೆ.”

ಹೆತ್ತ ತಾಯಿ ಅವನಿಗೆ ಕಾರಣ ಹೇಳುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಮಗಳು ಪೊರಕೆಯನ್ನು ಬೆನ್ನ ಹಿಂದೆ ಹಿಡಿದಿದ್ದಳು. “ಸದ್ದೇ ಬರ್ಲಿಲ್ವಲ್ಲಪ್ಪ? ಗಾಡಿ ಕೆಟ್ಟೋಯ್ತಾ?”

“ಹ್ಞೂ,” ಎಂದ ಅವನು, ಅವಳ ಮುಖ ನೋಡಲಾಗದೆ. “ತಳ್ಕೊಂಡ್ ಬಂದೆ.”

ಮರುದಿನ ವರ್ಕ್‌ಶಾಪಿನಲ್ಲಿ ಹೊಸದನ್ನು ಬಿಚ್ಚಿ ಹಳೆಯ ಮೋಟು ಪೈಪನ್ನೇ ಮತ್ತೆ ಹಾಕಿದ. ವೆಲ್ಡರ್ ಕಣ್ಣರಳಿಸಿ ಕೇಳಿದಾಗ “ಮನೇಲಿ ಸರಿಹೋಗ್ಲಿಲ್ಲ” ಎಂದಷ್ಟೇ ಹೇಳಿದ.

ಸಂಜೆ ತಿರುವಿನಲ್ಲಿ ಬೇಕೆಂದೇ ಆಕ್ಸಿಲರೇಟರ್ ಜೋರಾಗಿ ತಿರುವಿದ. ನಾಯಿ ಎದ್ದು ಬೊಗಳಿತು. ಗಾಡಿ ನಿಲ್ಲಿಸಿ, ಒರೆಸಬೇಕಾಗಿಲ್ಲದ ಸೀಟನ್ನು ಒರೆಸುತ್ತ, ಒಳಗಿನವರಿಗೆ ಸಾಕಷ್ಟು ಸಮಯ ಕೊಟ್ಟ.

ಒಳಗೆ ರೇಡಿಯೊ ಆರಿತ್ತು. ಕುರ್ಚಿ ಖಾಲಿಯಿತ್ತು. ತಾಯಿ ಗೋಡೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು.

“ಅಮ್ಮ, ಕುರ್ಚಿ ಮೇಲೆ ಕೂತ್ಕೋ.”

“ಬೇಡಪ್ಪ, ನನಗಿಲ್ಲೇ ಆರಾಮಾಗಿದೆ.”

“ಪರವಾಗಿಲ್ಲ, ಬಾ.”

“ಇರ್ಲಿ ಬಿಡು, ಅದು ನಿನ್ ಕುರ್ಚಿ.”

“ಕೂತ್ಕೋ ಅಂದ್ನಲ್ಲ!”

ಅಷ್ಟು ಜೋರಾಗಿ ಹೇಳಬೇಕೆಂದು ಅವನಿಗಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಾಯಿ ಬೆಚ್ಚಿಬಿದ್ದು ಎದ್ದು ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ಒರಗಲಿಲ್ಲ. ಯಾವ ಗಳಿಗೆಯಲ್ಲಾದರೂ ಏಳಬೇಕಾಗಬಹುದು ಎಂಬಂತೆ ಎರಡೂ ಪಾದಗಳನ್ನು ನೆಲಕ್ಕೆ ಊರಿಕೊಂಡೇ ಇದ್ದಳು.