ತುಂಗಕ್ಕನ ಒಂಚೂರು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ತೆಕ್ಕಟ್ಟೆಯ ತುಂಗಕ್ಕ ಒಂದೇ ಒಂದು ಸುಳ್ಳೂ ಹೇಳದೆ ಅಕ್ಕನ ಮಗಳ ಮದುವೆ ಮಾಡಿಸಿದ್ದರು. ಹೇಳಿದ್ದೆಲ್ಲ ನಿಜವೇ. ನೀರು ಬೆರೆಸಿದ ಹಾಲನ್ನೂ ಹಾಲೆಂದೇ ಕರೆಯುತ್ತಾರಲ್ಲ, ಆ ಲೆಕ್ಕದ ನಿಜ.

ನಮ್ಮ ಕಡೆ ಜಾತಕ ಕೂಡಿತು ಎಂದ ಮಾತ್ರಕ್ಕೆ ಯಾರೂ ಮದುವೆಗೆ ಹೂಂ ಅನ್ನುವುದಿಲ್ಲ. ಗಂಡಿನ ಮನೆಯ ಆಸುಪಾಸಿನಲ್ಲಿ ನಂಬುವಂಥವರು ಯಾರಿದ್ದಾರೆಂದು ಹುಡುಕಿ ಒಂದು ಫೋನು ಹಾಕುತ್ತಾರೆ. "ಜನ ಹ್ಯಾಂಗೆ?" ಎಂದು ಕೇಳುತ್ತಾರೆ. ತೆಕ್ಕಟ್ಟೆಯ ಕೇರಿಯ ಮಟ್ಟಿಗೆ ಇಂಥ ಫೋನುಗಳೆಲ್ಲ ಬರುತ್ತಿದ್ದುದು ತುಂಗಕ್ಕನಿಗೆ. ಅವರ ಮಾತು ಬೆಣ್ಣೆ. ಕುಡುಕನಾದರೆ "ಒಂಚೂರ್ ಅಭ್ಯಾಸ ಇತ್ತ್" ಎನ್ನುವರು, ಕಡುಜಿಪುಣನಾದರೆ "ಒಂಚೂರ್ ಕೈ ಬಿಗಿ". ಕೂಡಿಬಂದ ಸಂಬಂಧ ತಪ್ಪಿಸಿದ ಪಾಪ ನಮಗೇಕೆ ಎಂಬುದು ಗಂಡ ಉದಯಶಂಕರರ ಉಪದೇಶ. ಉಪದೇಶ ಇಲ್ಲದಿದ್ದರೂ ತುಂಗಕ್ಕ ಹಾಗೆಯೇ ಹೇಳುತ್ತಿದ್ದರು ಬಿಡಿ. ಕೆಟ್ಟವರಾಗುವುದೆಂದರೆ ಅವರಿಗೆ ಮೊದಲಿನಿಂದಲೂ ಪ್ರಾಣಸಂಕಟ.

ಪಕ್ಕದ ಮನೆಯ ಶ್ರೀಶನ ಬಗ್ಗೆ ಬ್ರಹ್ಮಾವರದಿಂದ ಫೋನು ಮಾಡಿದವಳು ಸ್ವಂತ ಅಕ್ಕ. ಮಗಳು ಕ್ಷಮಾಳಿಗೆ ಕೇಳಿದ್ದಳು. ತುಂಗಕ್ಕನಿಗೆ ಗೊತ್ತಿಲ್ಲದ್ದು ಏನಿತ್ತು? ದೋಸೆ ತಡವಾಯಿತೆಂದು ಶ್ರೀಶ ಕಾದ ಕಾವಲಿಯನ್ನೇ ಅಂಗಳಕ್ಕೆ ಬೀಸಿ, ತುಳಸಿಕಟ್ಟೆಯ ಮೂಲೆ ಹಾರಿಸಿದ್ದನ್ನು ಕಣ್ಣಾರೆ ಕಂಡವರು. ಅವನ ತಾಯಿ ಊದಿದ ಮೊಣಕೈ ಹಿಡಿದುಕೊಂಡು "ಬಚ್ಚಲಂಗೆ ಜಾರ್ದೆ" ಎಂದಾಗ ಹೌದೌದೆಂದು ತಲೆಯಾಡಿಸಿದವರು. ಅಷ್ಟೆಲ್ಲ ಇದ್ದೂ ಅಕ್ಕನಿಗೆ ಹೇಳಿದ್ದು ಇಷ್ಟೇ:

"ಗಂಡ್ ಒಳ್ಳೆದೆ ಅಕ್ಕ. ಒಂಚೂರ್ ಸಿಟ್ಟ್ ಇತ್ತ್. ಮದಿ ಆದ್ರೆ ಸಮ ಆತ್."

ಮದುವೆಯಾಯಿತು. ಸಮ ಆಗಲಿಲ್ಲ. ಪಕ್ಕದ ಮನೆಯ ಸದ್ದು ಕೇಳಿದಾಗಲೆಲ್ಲ ತುಂಗಕ್ಕ "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ತಮಗೆ ತಾವೇ ಹೇಳಿಕೊಂಡರು. ಈ ಗಾದೆ ಕಟ್ಟಿದವರು ಯಾರೋ, ಅವರ ಮನೆಯ ಜಗಳದಲ್ಲಿ ಕಿವಿಯ ತಮಟೆ ಹರಿದಿರಲಿಕ್ಕಿಲ್ಲ. ಮೂರನೆಯ ವರ್ಷ ಕ್ಷಮಾ ಒಂದು ಬ್ಯಾಗು ಹಿಡಿದು ತಾಯಿಯ ಮನೆಗೆ ವಾಪಸಾದಳು. ಎಡಗಿವಿ ಇನ್ನು ಕೇಳುವುದಿಲ್ಲ ಎಂದರು ಡಾಕ್ಟರು. ನೋಡಲು ಹೋದ ತುಂಗಕ್ಕನಿಗೆ ಅವಳು ಹೇಳಿದ್ದು, "ಒಂಚೂರ್ ಮಂದ ಆಯ್ತ್ ಚಿಕ್ಕಮ್ಮ, ಅಷ್ಟೆ."

ತಮ್ಮದೇ ಮಾತು ತಿರುಗಿ ಬಂದದ್ದು ತುಂಗಕ್ಕನಿಗೆ ತಿಳಿಯಿತು. ಆದರೆ ಅಂದೂ ಬಾಯಿ ಬಿಡಲಿಲ್ಲ. ಅವಳಿಗೇನು ಗೊತ್ತು, ಪಾಪ, ಎಂದುಕೊಂಡರು. ಅವಳು ಕೇಳಲೂ ಇಲ್ಲ. ಅಂದಿನಿಂದ ಒಂದು ಚೀಲದಲ್ಲಿ ಬಸಳೆಯೋ ಹಲಸಿನ ಹಪ್ಪಳವೋ ತುಂಬಿಕೊಂಡು ಬ್ರಹ್ಮಾವರದ ಬಸ್ಸು ಹತ್ತುವುದು ಅವರ ರೂಢಿಯಾಯಿತು. ಹಪ್ಪಳದಿಂದ ತೀರುವ ಋಣವೇ ಅದು?

ಕ್ಷಮಾ ಸುಮ್ಮನೆ ಕೂರುವ ಹುಡುಗಿಯಲ್ಲ. ವಿಚ್ಛೇದನ ಆದದ್ದೇ ಟರ್ಕಿಯ ಧಾರಾವಾಹಿಗಳಿಗೆ ಇಂಗ್ಲಿಷಿನಿಂದ ಕನ್ನಡ ಮಾತು ಬರೆಯುವ ಕೆಲಸ ಹಿಡಿದಳು. ಆಮೇಲೆ ಮನೆಯಲ್ಲೇ ಕೂತು, ಆನ್‌ಲೈನಿನಲ್ಲಿ ಆ ಭಾಷೆಯನ್ನೂ ಕಲಿಯತೊಡಗಿದಳು. ಒಂದು ಮಧ್ಯಾಹ್ನ ತುಂಗಕ್ಕ ಚೀಲ ಹಿಡಿದು ಬಂದಾಗ ಅಕ್ಕ ಬ್ಯಾಂಕಿಗೆ ಹೋಗಿದ್ದಳು. ಕ್ಷಮಾ ಲ್ಯಾಪ್‌ಟಾಪಿನ ಮುಂದೆ ಪೆನ್ನು ಕಚ್ಚುತ್ತ ಕೂತಿದ್ದಳು.

"ಕಾಣಿ ಚಿಕ್ಕಮ್ಮ, ಇವ್ರ್ ಭಾಷೆಯಂಗೆ ಎಕ್ಷಿ ಅಂದ್ರೆ ಹುಳಿ. ಅದ್ಕೊಂದ್ ಬಾಲ ಹಚ್ಚಿ ಎಕ್ಷಿಮ್ಸಿ ಅಂದ್ರೆ ಹುಳಿ ಅಲ್ಲ, ಹುಳಿ ಹಾಂಗಿದ್ದದ್. ಮಾವಿ ಅಂದ್ರೆ ನೀಲಿ, ಮಾವಿಮ್ಸಿ ಅಂದ್ರೆ ನೀಲಿ ಹೌದೋ ಅಲ್ದೋ ಅಂಬಂಗಿದ್ದದ್. ಇದ್ನ ಕನ್ನಡದಂಗೆ ಹ್ಯಾಂಗ್ ಬರಿಯುದ್?"

"ಒಂಚೂರ್ ಹುಳಿ ಅಂದ್ರೆ ಆಯ್ತಪ," ಎಂದರು ತುಂಗಕ್ಕ. ಆಮೇಲೆ ಯಾಕೋ ಕೇಳಿದರು, "ಸಿಟ್ಟಿಗೂ ಹಚ್ಚತ್ರಾ ಆ ಬಾಲ?"

"ಬಣ್ಣಕ್ಕೆ, ರುಚಿಗೆ ಹಚ್ಚುದೇ ಹೆಚ್ಚ್. ಸಿಟ್ಟಿಗೆ ಹಚ್ಚದ್ ನಾನಿನ್ನೂ ಕಾಣ್ಲಿಲ್ಲ," ಎಂದಳು ಕ್ಷಮಾ, ಪರದೆಯಿಂದ ಕಣ್ಣು ತೆಗೆಯದೆ.

ಅಷ್ಟರಲ್ಲಿ ತುಂಗಕ್ಕನ ಮೊಬೈಲು ಹೊಡೆದುಕೊಂಡಿತು. ಬೈಂದೂರಿನ ಪ್ರೇಮಾನಂದ ಎಂಬವರ ಹೆಂಡತಿ. ಯಾರೋ ನಂಬರು ಕೊಟ್ಟಿದ್ದರಂತೆ. ಮಗಳು ಮೋಕ್ಷಿತಾಳಿಗೆ ತೆಕ್ಕಟ್ಟೆಯ ಶ್ರೀಶನ ಸಂಬಂಧ ಬಂದಿದೆ, ನಾಡಿದ್ದು ಮಾತುಕತೆ. "ಯಾರ್, ನಮ್ಮ್ ಪಕ್ಕದ್ ಮನಿ ಶ್ರೀಶನಾ?" ಎಂದು ತುಂಗಕ್ಕ ಗಟ್ಟಿಯಾಗಿಯೇ ಕೇಳಿದರು.

"ಎರಡ್ನೆ ಸಂಬಂಧ ಅಂದೇಳಿ ನಂಗೊಂಚೂರ್ ಹೆದ್ರಿಕೆ. ಹಿಂದಿನ್ ಹೆಣ್ಣಿಗೆ ಹೊಂದ್ಕಂಬುಕೆ ಬರ್ಲಿಲ್ಲ ಅಂಬ್ರಲೆ. ನೀವ್ ಪಕ್ಕದ್ ಮನಿಯೋರ್, ನೀವ್ ಹೇಳಿದ್ರೆ ಮುಗ್ದೋಯ್ತ್. ಗಂಡ್ ಹ್ಯಾಂಗೆ?"

ದೇವರು ಇಂಥ ಅವಕಾಶವನ್ನು ಎಲ್ಲರಿಗೂ ಎರಡನೆಯ ಸಲ ಕೊಡುವುದಿಲ್ಲ. ತುಂಗಕ್ಕನಿಗೂ ಅದು ಗೊತ್ತಾಯಿತು. ಹೊಡೆಯುತ್ತಾನೆ, ಹೆಣ್ಣು ಕೊಡಬೇಡಿ ಎಂದರೆ ಸಾಕು. ಕಂಡರಿಯದ ಒಂದು ಹುಡುಗಿ ಉಳಿದುಕೊಳ್ಳುತ್ತಾಳೆ. ಎದುರಿಗೆ ಕ್ಷಮಾ ಪೆನ್ನು ಕೆಳಗಿಟ್ಟು ನೋಡುತ್ತಿದ್ದಳು. ತುಂಗಕ್ಕ ಉಸಿರು ಎಳೆದುಕೊಂಡರು.

"ಕಾಣಿ... ಅಂವ... ಒಂಚೂರ್ ಕೈ ಮುಂದೆ."

ನಾಲಿಗೆ ಕೈಕೊಟ್ಟಿತ್ತು. ಅರವತ್ತು ದಾಟಿದ ನಾಲಿಗೆ, ಅದಕ್ಕೆ ಬೇರೆ ದಾರಿಯೇ ಗೊತ್ತಿಲ್ಲ. ಆ ಕಡೆಯ ತಾಯಿ ನಿರಾಳವಾಗಿ ನಕ್ಕಳು.

"ಅಷ್ಟೆಯಾ? ಗಂಡ್ಸ್ರ್ ಅಂದ್ಮೇಲೆ ಇಪ್ಪುದೇ ಅಲ್ದಾ. ನಾನ್ ಎಂತದೋ ಅಂದೇಳಿ ಹೆದ್ರಿದ್ದೆ!"

ಕ್ಷಮಾ ಎದ್ದು ಬಂದು ತುಂಗಕ್ಕನ ಕೈಯಿಂದ ಫೋನು ತೆಗೆದುಕೊಂಡಳು. ಕಿವಿಯ ದೆಸೆಯಿಂದ ಅವಳದು ಯಾವಾಗಲೂ ಸ್ಪೀಕರೇ. ಗುಂಡಿ ಒತ್ತಿ ಮೇಜಿನ ಮೇಲಿಟ್ಟಳು.

"ಅಮ್ಮ, ನಾನ್ ಕ್ಷಮಾ. ಶ್ರೀಶನ್ ಹಿಂದಿನ್ ಹೆಂಡ್ತಿ. ಅಂವ ಹೊಡಿತ. ಹೊಡ್ದ್ ಹೊಡ್ದ್ ನನ್ ಒಂದ್ ಕಿವಿ ಹೋಯ್ತ್. ಹೆತ್ತಮ್ಮಂಗೂ ಹೊಡಿತ. ನಿಮ್ಮ್ ಮಗ್ಳನ್ನ ಕೊಡ್ಬೇಡಿ."

ಸ್ವರ ಏರಲಿಲ್ಲ. ಬಸ್ಸು ಎಷ್ಟೊತ್ತಿಗೆ ಎಂದು ಹೇಳುವವರ ಹಾಗೆ ಹೇಳಿದಳು. ಆ ಕಡೆಯಿಂದ ತಾಯಿಯ ಸ್ವರ ಬಂತು:

"ಅಯ್ಯೋ ಮಗಾ... ಮದಿಗ್ ಮುಂಚೆ ನಿಮ್ಮನೆಯೋರ್ ಯಾರತ್ರೂ ವಿಚಾರ್ಸಲಿಲ್ಯಾ?"

ಬರಲಿ, ಈಗಲಾದರೂ ಬರಲಿ ಎಂದು ತುಂಗಕ್ಕ ಬೈಗುಳಕ್ಕೆ ತಲೆ ತಗ್ಗಿಸಿ ನಿಂತರು. ಕ್ಷಮಾ ಒಮ್ಮೆ ಅವರನ್ನು ನೋಡಿದಳು.

"ವಿಚಾರ್ಸಿದ್ರ್ ಅಮ್ಮ. ಅವ್ರಿಗೂ ಗೊತ್ತಿರ್ಲಿಲ್ಲ," ಎಂದಳು.

ಆ ತಾಯಿ ನಿನ್ನ ಉಪಕಾರ ಮರೆಯುವುದಿಲ್ಲ ಮಗಾ ಎಂದು ಅಳುತ್ತಲೇ ಫೋನು ಇಟ್ಟಳು. ಮೋಕ್ಷಿತಾ ಉಳಿದಳು. ಬೈದಿದ್ದರೆ ತುಂಗಕ್ಕ ತಡೆದುಕೊಳ್ಳಬಹುದಿತ್ತು, ಈ ಕರುಣೆಯನ್ನು ಹೊರುವುದು ಹೇಗೆ?

"ಎಂತಕೆ ಹಾಂಗ್ ಹೇಳ್ದೆ ಮಗಾ? ನಂಗೆ..." ಎಂದರು.

ಕ್ಷಮಾ ಕುರ್ಚಿಗೆ ಮರಳಿ ಪೆನ್ನು ಎತ್ತಿಕೊಂಡಿದ್ದಳು.

"ನಿಮ್ಗೆ ಗೊತ್ತಿತ್ತ್ ಅಂದೇಳಿ ನಂಗೊತ್ತಿತ್ತ್ ಚಿಕ್ಕಮ್ಮ," ಎಂದಳು. "ನಾನ್ ಕೂಗುವಾಗ ಪ್ರತಿ ಸಲ ನಿಮ್ಮ್ ಅಡ್ಗಿಮನಿ ಲೈಟ್ ಆಫ್ ಆತಿತ್ತ್."