ಎಡಗಾಲಿನ ಬಾಣ

ನನ್ನ ಮಗಳಿಗೆ ಕತ್ತಲೆಯ ಭಯವಿಲ್ಲ. ಗುಮ್ಮ ಬರ್ತಾನೆ ಅಂದರೆ "ಬರ್ಲಿ, ಕೂತ್ಕೊಳ್ಲಿ" ಅನ್ನುತ್ತಾಳೆ. ಅವಳು ಹೆದರುವುದು ಒಂದು ತಳ್ಳುಗಾಡಿಗೆ. ಅವಳಿಗೆ ಮೂರು ವರ್ಷ ತುಂಬಲು ಇನ್ನೂ ಎರಡು ತಿಂಗಳಿದೆ. ನಾವು ಗುಬ್ಬಿ ಅಂತ ಕರೆಯುತ್ತೇವೆ. ಗುಬ್ಬಿ ಹೇಳುವ ಪ್ರಕಾರ ಆ ಗಾಡಿಗೆ ನಾಲ್ಕು ಚಕ್ರ, ಒಂದು ಮೂಗು. ದೀಪ ಆರಿದ ಮೇಲೆ ಅದು ಮಂಚದ ಕೆಳಗೆ ಬಂದು ಮೂಸುತ್ತದೆ. ಯಾರ ಮೈಮೇಲೆ ಕೆಂಪು ಬಾಣ ಇದೆಯೋ ಅವರನ್ನು ಹಾಕಿಕೊಂಡು ಹೋಗುತ್ತದೆ.

"ಎಲ್ಲಿಗೆ?" ಅಂತ ಕೇಳಿದೆ.

"ಕತ್ರಿ ತಾತನ ಹತ್ರ."

ಕತ್ತರಿ ತಾತ ನಮ್ಮ ಕಾರ್ಖಾನೆಯವರು. ನಾನು ಅಲ್ಲಿ ಶರ್ಟ್ ಚೆಕ್ ಮಾಡುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ಶರ್ಟನ್ನು ಅಂಗಾತ ಹರವಿ, ಕಾಲರ್, ತೋಳು, ಪಕ್ಕದ ಹೊಲಿಗೆ ನೋಡಿ, ಎಲ್ಲಿ ದಾರ ತಪ್ಪಿದೆಯೋ ಅಲ್ಲಿ ಉಗುರಿನಷ್ಟಗಲದ ಕೆಂಪು ಬಾಣದ ಸ್ಟಿಕ್ಕರ್ ಹಚ್ಚುವುದು. ಮಾತಾಡುವುದಿಲ್ಲ, ಪುರುಸೊತ್ತೂ ಇಲ್ಲ. ಮುಂದಿನ ಮೇಜಿನವರು ಬಾಣ ನೋಡಿ ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ರಿಪೇರಿಯಾಗದ ಶರ್ಟುಗಳು ತಳ್ಳುಗಾಡಿಯಲ್ಲಿ ಹಿಂದಿನ ಕೋಣೆಗೆ ಹೋಗುತ್ತವೆ. ಯಾರೂ ಎತ್ತಿಕೊಂಡು ಹೋಗಿ ಹಾಕಿಕೊಳ್ಳಬಾರದು ಅಂತ ತಾತ ಅವುಗಳ ಕಾಲರ್ ಕತ್ತರಿಸುತ್ತಾರೆ. ನಮ್ಮ ಮಕ್ಕಳನ್ನು ಬಿಡುವ ಕೋಣೆಯ ಕಿಟಕಿಯಿಂದ ಇದೆಲ್ಲ ಚೆನ್ನಾಗಿ ಕಾಣುತ್ತದೆ.

"ಆ ಆಯಾನೇ ಇದನ್ನೆಲ್ಲ ತಲೆಗೆ ತುಂಬಿರೋದು," ಅಂದರು ನನ್ನ ಗಂಡ. ಮಕ್ಕಳ ಕೋಣೆಯನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಆಯಾ ಅಂತಲೇ ಕರೆಯುವುದು. "ಮಲಗದೇ ಇದ್ರೆ ಗಾಡೀಲಿ ಹಾಕಿ ಕಳಿಸ್ತೀನಿ ಅಂದಿರ್ತಾಳೆ. ನೀನು ಕೇಳ್ತೀಯೋ, ನಾನು ಬಂದು ಕೇಳ್ಲೋ?"

"ಕೇಳೋಣ ಇರಿ," ಅಂದೆ. ನಾನು ಕೇಳಲಿಲ್ಲ. ತಮ್ಮ ರಜೆಯ ದಿನ ಅವರೇ ಬಂದು ಸೂಪರ್‌ವೈಸರ್ ಮುಂದೆ ಕೂಗಾಡಿದರು.

ಆಯಾ ನನ್ನನ್ನು ನಲ್ಲಿಯ ಹತ್ತಿರ ಹಿಡಿದಳು. "ಅಕ್ಕಾ, ನಿಮ್ಮ ಕೂಸಿಗೆ ನಾನ್ಯಾವತ್ತು ಬಾಣದ ಮಾತು ಹೇಳಿದ್ದೀನಿ? ದಿನಾ ಹದಿನೇಳು ಮೂಗು ಒರೆಸ್ಬೇಕು. ಕಥೆ ಕಟ್ಟೋಕೆ ಪುರುಸೊತ್ತಿದ್ರೆ ನಾನೇ ಎರಡು ನಿಮಿಷ ಕಣ್ಮುಚ್ತಿದ್ದೆ. ನನ್ನ ಹತ್ರ ಮಧ್ಯಾಹ್ನ ಹೇಗೆ ನಿದ್ದೆ ಹೊಡೀತಾಳೆ, ಬಂದು ನೋಡಿ. ನೀವಾದ್ರೂ ಅವರಿಗೆ ಒಂದು ಮಾತು ಹೇಳಿ."

"ನೋಡ್ತೀನಿ ಕಣಮ್ಮಾ," ಅಂದೆ. ಸೋಪು ಹೋದ ಮೇಲೂ ಕೈ ತೊಳೆಯುತ್ತಲೇ ಇದ್ದೆ.

ಬಾಣ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು.

ಗುಬ್ಬಿಯ ಎಡಪಾದ ಸ್ವಲ್ಪ ಒಳಕ್ಕೆ ತಿರುಗಿದೆ. "ನಡೀತಾ ನಡೀತಾ ಸರಿಹೋಗುತ್ತೆ, ನೀವು ಸುಮ್ನಿರಿ," ಅಂದರು ಡಾಕ್ಟರು. ಸುಮ್ಮನಿರುವುದು ನನಗೆ ಬರುವುದಿಲ್ಲ. ದಿನಾ ಮಲಗಿಸುವಾಗ ಅವಳನ್ನು ದೀಪದ ಕೆಳಗೆ ಹಾಕಿ ಎರಡೂ ಪಾದ ಜೋಡಿಸಿ ನೋಡುತ್ತಿದ್ದೆ. ಒಂದು ದಿನ ತಿರುವು ಹೆಚ್ಚಾದಂತೆ ಕಂಡಿತು. ಈಗಲೂ ಖಚಿತವಿಲ್ಲ. ಗಂಡನಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಎರಡನೇ ಪಾಳಿ. ಅವರು ಬರುವಾಗ ನಾನು ಮಲಗಿರುತ್ತೇನೆ, ನಾನು ಏಳುವಾಗ ಅವರು. ಅವರೂ ಒಮ್ಮೆ ನೋಡಲಿ ಅಂತ ನನ್ನ ತೋಳಿಗೆ ಅಂಟಿಕೊಂಡಿದ್ದ ಒಂದು ಬಾಣ ತೆಗೆದು ನಿದ್ದೆಯಲ್ಲಿದ್ದ ಮಗುವಿನ ಪಾದಕ್ಕೆ ಹಚ್ಚಿದೆ. ಒಂದು ಚೀಟಿ ಬರೆದಿಡಬಹುದಿತ್ತು. ಅದು ನನಗೆ ಹೊಳೆಯಲೇ ಇಲ್ಲ.

ಅವರು ದೀಪ ಹಾಕದೆ ಬಂದು ಮಲಗಿಬಿಟ್ಟರು. ಬೆಳಿಗ್ಗೆ ಅದನ್ನು ನೋಡಿದವಳು ಗುಬ್ಬಿ. ಅಳಲಿಲ್ಲ. "ನಾನು ಹರಿದಿದ್ದೀನಾ ಅಮ್ಮಾ?" ಅಂದಳು. ನಾನು ನಕ್ಕು, ಬಾಣ ಕಿತ್ತು, ಹಾಲು ಕಾಯಿಸಲು ಹೋದೆ.

ಇದನ್ನು ಗಂಡನಿಗೆ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುವಷ್ಟರಲ್ಲಿ ಆಯಾಳನ್ನು ಇನ್ನೊಂದು ಯೂನಿಟ್ಟಿಗೆ ಹಾಕಿದರು. ಅಲ್ಲಿಗೆ ಅವಳು ಎರಡು ಬಸ್ಸು ಬದಲಿಸಬೇಕು. ಹೊಸ ಹುಡುಗಿ ಬಂದ ಮೇಲೆ ಗುಬ್ಬಿ ಮಧ್ಯಾಹ್ನವೂ ಮಲಗುವುದನ್ನು ಬಿಟ್ಟಳು.

ಮನೆಯಲ್ಲಿ ನಾನು, ತಪ್ಪಿಲ್ಲದ ಶರ್ಟನ್ನು ಪಾಸ್ ಮಾಡುವ ಹಾಗೆ, "ಗುಬ್ಬಿ ಪಾಸ್" ಅಂತ ಹೇಳಿ ಮಲಗಿಸಲು ಶುರುಮಾಡಿದೆ. ಆದರೆ ನೋಡದೆ ಪಾಸ್ ಅನ್ನಲು ನನ್ನ ಬಾಯಿಗೆ ಬರುವುದಿಲ್ಲ. ಅವಳಿಗೂ ಅದು ಗೊತ್ತಾಯಿತು. ನಾನು ಕೋಣೆಗೆ ಬಂದ ಕೂಡಲೇ ಕೈ ಅಗಲಿಸಿ, ಅಲ್ಲಾಡದೆ, ಮೇಜಿನ ಮೇಲಿನ ಶರ್ಟಿನ ಹಾಗೆ ಅಂಗಾತ ಮಲಗತೊಡಗಿದಳು.

"ಇನ್ಮೇಲೆ ಅಮ್ಮ ನಿನ್ನ ಕಾಲು ನೋಡೋದೇ ಇಲ್ಲ," ಅಂದೆ.

"ನಿಜ?"

"ನಿಜ. ಆಣೆ."

ಏಳು ದಿನ ನೋಡಲಿಲ್ಲ. ಏಳನೆಯ ದಿನ ಅವಳು ಗಾಡಿಯ ಮಾತೆತ್ತದೆ ನಿದ್ದೆ ಹೋದಳು.

ನಿನ್ನೆ ಸಂಜೆ ಹಾಸಿಗೆ ಹಾಸಲು ಹೋದರೆ ಗುಬ್ಬಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಬಲಪಾದದ ಮೇಲೆ ಒಂದು ಕೆಂಪು ಬಾಣ. ನನ್ನ ಬಟ್ಟೆಯಿಂದ ಕಿತ್ತಿರಬೇಕು.

"ನಾನೇ ಹಚ್ಕೊಂಡೆ," ಅಂದಳು, ದೊಡ್ಡ ಕೆಲಸ ಮುಗಿಸಿದವಳ ಹಾಗೆ. "ಇನ್ನು ನೀನು ಹಚ್ಚೋದು ಬೇಡ."

ಅದು ನೆಟ್ಟಗಿರುವ ಪಾದ. ನಮ್ಮ ಮೇಜಿನಲ್ಲಿ ಯಾರಾದರೂ ತಪ್ಪು ಜಾಗಕ್ಕೆ ಬಾಣ ಹಚ್ಚಿದ್ದರೆ ಕಣ್ಣು ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. ಹೋಯಿತು. ಅವಳ ಎಡಪಾದವನ್ನು ನಾನು ನೋಡಿದೆ, ಚೆನ್ನಾಗಿಯೇ ನೋಡಿದೆ, ಎಷ್ಟು ತಿರುಗಿದೆ ಅಂತ ಅಂದಾಜು ಕೂಡ ಹಾಕಿದೆ. ತಲೆ ಎತ್ತಿದಾಗ ಗುಬ್ಬಿ ನನ್ನ ಕಣ್ಣನ್ನೇ ನೋಡುತ್ತಿದ್ದಳು.

ಎಡಗಾಲನ್ನು ಮೆಲ್ಲಗೆ ಒಳಗೆ ಎಳೆದುಕೊಂಡಳು.

"ಅಮ್ಮಾ."

"ಏನು ಚಿನ್ನ?"

"ಆಯಾಗೂ ನೀನೇ ಬಾಣ ಹಚ್ಚಿದ್ಯಾ?"

ನಾನು ಅವಳ ಬಲಪಾದದ ಬಾಣ ಕೀಳಲು ಕೈ ಚಾಚಿದೆ. ಅಷ್ಟರಲ್ಲಿ ಅವಳು ಗೋಡೆಯ ಕಡೆ ತಿರುಗಿ, ಒಂದು ಪಾದವನ್ನು ಇನ್ನೊಂದರ ಕೆಳಗೆ ಬಚ್ಚಿಟ್ಟುಕೊಂಡು, ಹೊದಿಕೆಯನ್ನು ತಾನೇ ಎಳೆದುಕೊಂಡಿದ್ದಳು.